ಡೌನ್‌ವಿಂಡ್ ಫಾಯಿಲಿಂಗ್‌ಗೆ ಪ್ಯಾರಾವಿಂಗ್ ಬೇಕಾ, ವಿಂಗ್ ಸಾಕಾ, ಹುಟ್ಟೇ ಸರಿಯಾ?

ಅಮೆರಿಕದ ಪೋರ್ಟ್‌ಲ್ಯಾಂಡ್ ಸುತ್ತಮುತ್ತ ಇರುವ ಕನ್ನಡದ ಗೆಳೆಯರು ಈಚೆಗೆ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. "ಪ್ಯಾರಾವಿಂಗ್ ತಗೋಬೇಕು ಅಂತಿದ್ದೀನಿ, ಯಾವ ಸೈಜ್ ತಗೊಳ್ಳಲಿ?" ಪ್ಯಾರಾವಿಂಗ್ ಅಂದರೆ ಕೈಯಲ್ಲಿ ಹಿಡಿದು ಗಾಳಿಯ ಬಲ ಪಡೆಯುವ, ಬೇಡವಾದಾಗ ಮಡಚಿಡುವ ತೆಳು ಬಟ್ಟೆ. ಅವರೆಲ್ಲ ಹತ್ತಿರದ ಹುಡ್ ರಿವರ್ ಅನ್ನುವ ಊರಿಗೆ ಹೋಗಿ ಬಂದಿರುತ್ತಾರೆ. ಕೊಲಂಬಿಯಾ ನದಿಯ ಮೇಲೆ ಯಾರೋ ಒಬ್ಬರು ಬರಿಗೈಯಲ್ಲಿ, ಹಾಯಿಯೂ ಇಲ್ಲದೆ ಹುಟ್ಟೂ ಇಲ್ಲದೆ, ಅಲೆಯಿಂದ ಅಲೆಗೆ ಜಾರಿಕೊಂಡು ಹೋಗುವುದನ್ನು ನೋಡಿರುತ್ತಾರೆ. ಅವರ ಸೊಂಟದಲ್ಲಿ ಮುದುಡಿಟ್ಟ ಬಟ್ಟೆಯ ಗಂಟೊಂದೇ ಕಂಡಿರುತ್ತದೆ. ನೋಡಿದ ಮೇಲೆ ಆಸೆ ಆಗದೆ ಇರುತ್ತದಾ? ನನಗೂ ಹಾಗೇ ಆಗಿತ್ತು.

ಸೈಜ್ ಹೇಳುವ ಮೊದಲು ನಾನೂ ಒಂದು ಪ್ರಶ್ನೆ ಕೇಳುತ್ತೇನೆ. ಕೈಯಲ್ಲಿರುವುದು ಏನೂ ಎಳೆಯದೆ, ಬರೀ ಅಲೆಯ ಬಲದಲ್ಲಿ, ಅರ್ಧ ನಿಮಿಷ ಫಾಯಿಲ್ (ಬೋರ್ಡನ್ನು ನೀರಿನಿಂದ ಮೇಲೆತ್ತುವ, ನೀರೊಳಗಿನ ರೆಕ್ಕೆ) ಮೇಲೆ ಇರಲು ಬರುತ್ತದಾ? ಬರುತ್ತದೆ ಅಂದರೆ ಪ್ಯಾರಾವಿಂಗ್ ಕೊಳ್ಳಿ. ಬರುವುದಿಲ್ಲ ಅಂದರೆ ಇನ್ನೊಂದು ಸೀಸನ್ ಗಾಳಿ ತುಂಬುವ ವಿಂಗನ್ನೇ, ಅಂದರೆ ಕೈಯಲ್ಲಿ ಹಿಡಿಯುವ ಹಾಯಿಯನ್ನೇ ಹಿಡಿಯಿರಿ. ಯಾಕೆ ಹೀಗೆ ಹೇಳುತ್ತೇನೆ ಅಂತ ತಿಳಿಯಲು ಮೊದಲು ಅಲೆಯ ಲೆಕ್ಕ ಸ್ವಲ್ಪ ನೋಡೋಣ.

ಅಲೆಯ ಓಟ, ಗಾಳಿಯ ಓಟ

ಫಾಯಿಲ್ ಅಂದರೆ ಬೋರ್ಡಿನ ಕೆಳಗೆ 75ರಿಂದ 85 ಸೆಂಟಿಮೀಟರ್ ಉದ್ದದ ಮಾಸ್ಟ್ ಅನ್ನುವ ಕಂಬ. ಅದರ ತುದಿಯಲ್ಲಿ ವಿಮಾನದ್ದರ ಹಾಗಿರುವ ರೆಕ್ಕೆ. ವೇಗ ಬಂದರೆ ಈ ರೆಕ್ಕೆ ಬೋರ್ಡನ್ನು ನೀರಿನಿಂದ ಮೇಲೆತ್ತುತ್ತದೆ. ಮೇಲೆದ್ದ ಮೇಲೆ ನೀರಿನ ತಡೆ ತುಂಬಾ ಕಡಿಮೆ. ಆಗ ದಡಕ್ಕೆ ಬಂದು ಒಡೆಯುವ ದೊಡ್ಡ ಅಲೆಯೇ ಬೇಕಾಗಿಲ್ಲ. ನಡುನೀರಿನಲ್ಲಿ ಗಾಳಿ ಎಬ್ಬಿಸಿದ ಸಣ್ಣ ಉಬ್ಬೂ ನಿಮ್ಮನ್ನು ತಳ್ಳುತ್ತದೆ. ಗಾಳಿ ಬೀಸುವ ಕಡೆಗೇ ಹೀಗೆ ಕಿಲೋಮೀಟರ್‌ಗಟ್ಟಲೆ ಹೋಗುವುದಕ್ಕೆ ಡೌನ್‌ವಿಂಡ್ ಅನ್ನುತ್ತಾರೆ.

ಆಳದ ನೀರಿನಲ್ಲಿ ಒಂದು ಅಲೆಗೂ ಮುಂದಿನ ಅಲೆಗೂ 4 ಸೆಕೆಂಡ್ ಅಂತರ ಇದ್ದರೆ, ಅಲೆಯ ನೆತ್ತಿ ಗಂಟೆಗೆ ಸುಮಾರು 22 ಕಿ.ಮೀ. ವೇಗದಲ್ಲಿ ಓಡುತ್ತದೆ. 5 ಸೆಕೆಂಡ್ ಇದ್ದರೆ ಸುಮಾರು 28. ಆದರೆ ಅಲೆಗಳ ಗುಂಪು ಸಾಗುವುದು ಅದರ ಅರ್ಧ ವೇಗದಲ್ಲಿ. ಅಂದರೆ ನೀವು ಹಿಡಿದ ಅಲೆ ಗುಂಪಿನ ಮುಂದಕ್ಕೆ ಓಡಿ ಅಲ್ಲೇ ಕರಗುತ್ತದೆ. ಹಿಂದೆ ಹೊಸದೊಂದು ಏಳುತ್ತದೆ. ಕಾಲ ಕೆಳಗಿನ ಅಲೆ ಕರಗುವ ಮೊದಲೇ ಪಕ್ಕದ್ದಕ್ಕೋ ಹಿಂದಿನದಕ್ಕೋ ದಾಟಿಕೊಳ್ಳಬೇಕು. ಡೌನ್‌ವಿಂಡ್‌ನ ನಿಜವಾದ ವಿದ್ಯೆ ಈ ದಾಟುವುದೇ. ಇದನ್ನು ಯಾವ ಅಂಗಡಿಯಲ್ಲೂ ಕೊಳ್ಳಲು ಆಗುವುದಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಗಾಳಿ ಗಂಟೆಗೆ 32 ಕಿ.ಮೀ. ಇದೆ ಅಂದುಕೊಳ್ಳಿ. ನೀವು ಅದೇ ಕಡೆಗೆ 25ರಲ್ಲಿ ಹೋಗುತ್ತಿದ್ದೀರಿ. ನಿಮ್ಮ ಕೈಯಲ್ಲಿರುವ ಬಟ್ಟೆಗೆ ಸಿಗುವ ಗಾಳಿ ಬರೀ 7. ಒಳ್ಳೆಯ ಅಲೆ ಸಿಕ್ಕಿದ ಕೂಡಲೇ ಕೈಯಲ್ಲಿರುವುದು ಸಹಾಯ ಮಾಡುವುದನ್ನು ನಿಲ್ಲಿಸಿ ಹೊರೆಯಾಗುತ್ತದೆ. ಹಾಗಾಗಿ ಯಾವ ಸಾಧನವನ್ನೇ ಹೋಲಿಸಿದರೂ ನಾನು ಎರಡು ವಿಷಯ ನೋಡುತ್ತೇನೆ. ಅದು ನಮ್ಮನ್ನು ಎಷ್ಟು ಸುಲಭವಾಗಿ ಮೇಲೆತ್ತುತ್ತದೆ? ಎತ್ತಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ?

ಹುಟ್ಟು ಹಾಕಿ ಏಳುವುದು

ಇದು ಎಲ್ಲಕ್ಕಿಂತ ಶುದ್ಧವಾದ ದಾರಿ. 2016ರ ಹೊತ್ತಿಗೆ ಹವಾಯಿಯ ಮಾವಿ ದ್ವೀಪದ ಸರ್ಫರ್ ಕಾಯ್ ಲೆನ್ನಿ ನಡುಸಮುದ್ರದ ಉಬ್ಬುಗಳ ಮೇಲೆ ಫಾಯಿಲ್‌ನಲ್ಲಿ ಹೋಗುವ ವಿಡಿಯೊ ನೋಡಿ ಎಷ್ಟೋ ಜನ ಈ ಕಡೆ ತಿರುಗಿದರು. ಈಗ ಇದಕ್ಕೆಂದೇ ಬೋರ್ಡ್‌ಗಳಿವೆ. 7ರಿಂದ 8 ಅಡಿ ಉದ್ದ, 18ರಿಂದ 20 ಇಂಚು ಅಗಲ, ದೋಣಿಯ ಹಾಗೆ ಚೂಪು. ನಿಂತುಕೊಂಡು ಹುಟ್ಟು ಹಾಕಿ, ಅಲೆ ಬಂದಾಗ ನಾಲ್ಕೈದು ಸಲ ಜೋರಾಗಿ ಎಳೆದು, ಕಾಲಿನಿಂದ ಪಂಪ್ ಮಾಡಿ, ಅಂದರೆ ಬೋರ್ಡನ್ನು ಒತ್ತಿ ಬಿಟ್ಟು ಮಾಡಿ ಏಳಬೇಕು.

ಕಷ್ಟ ಇದೆ, ಮುಚ್ಚಿಡುವುದಿಲ್ಲ. ಅಷ್ಟು ಕಿರಿದಾದ ಬೋರ್ಡಿನ ಮೇಲೆ ಅಲೆಗಳ ನಡುವೆ ಸುಮ್ನೆ ನಿಲ್ಲುವುದನ್ನು ಕಲಿಯಲೇ ವಾರಗಳು ಹಿಡಿಯುತ್ತವೆ. ಒಂದು ಸಲ ಬಿದ್ದರೆ ಮತ್ತೆ ಏಳಲು ಮೊದಲಿನಷ್ಟೇ ಶಕ್ತಿ ಬೇಕು. ಹತ್ತು ಸಲ ಬಿದ್ದ ಮೇಲೆ ತೋಳು ಮಾತು ಕೇಳುವುದಿಲ್ಲ. ಆದರೆ ಗಾಳಿ ನಿಂತರೂ ಹುಟ್ಟು ಮನೆಗೆ ತಲುಪಿಸುತ್ತದೆ. ಬೋರ್ಡ್ ದೊಡ್ಡದಾದ್ದರಿಂದ ನಿಮ್ಮನ್ನು ತೇಲಿಸುತ್ತದೆ. ದಾರ ಸಿಕ್ಕಿಕೊಳ್ಳುವ ಭಯವೂ ಇಲ್ಲ. ವಾರಕ್ಕೆ ಮೂರು ನಾಲ್ಕು ದಿನ ನೀರಿಗೆ ಇಳಿಯಬಲ್ಲವರು, ನೀರಿನ ಪಕ್ಕದಲ್ಲೇ ಮನೆ ಇರುವವರು ಇದನ್ನು ಆರಿಸಿಕೊಂಡರೆ ನಾನು ಬೇಡ ಅನ್ನುವುದಿಲ್ಲ. ವಾರಾಂತ್ಯಕ್ಕೆ ಮಾತ್ರ ಬಿಡುವು ಸಿಗುವವರಿಗೆ ಇದು ತುಂಬಾ ನಿಧಾನದ ದಾರಿ.

ಗಾಳಿ ತುಂಬುವ ವಿಂಗ್

2019ರ ಸುಮಾರಿಗೆ ಮಾರುಕಟ್ಟೆಗೆ ಬಂತು. ಮುಂದಿನ ಅಂಚಿನಲ್ಲಿ ಒಂದು ದಪ್ಪ ಗಾಳಿಕೊಳವೆ, ನಡುವೆ ಇನ್ನೊಂದು. ಪಂಪ್ ಹೊಡೆದರೆ ಗಟ್ಟಿಯಾಗಿ ನಿಲ್ಲುತ್ತದೆ. 4ರಿಂದ 5 ಚದರ ಮೀಟರ್‌ನದು ಎರಡರಿಂದ ಮೂರು ಕೆಜಿ ತೂಗುತ್ತದೆ. ಕೈಯಲ್ಲೇ ಹಿಡಿಯುತ್ತೇವೆ, ದಾರ ಇಲ್ಲ.

ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ ಅಂತ ನನ್ನ ಅನಿಸಿಕೆ. ಗಾಳಿ ಒಂದು ಕ್ಷಣ ನಿಂತರೂ ಇದು ಆಕಾರ ಕಳೆದುಕೊಳ್ಳುವುದಿಲ್ಲ. ನೀರಿಗೆ ಬಿದ್ದರೆ ತೇಲುತ್ತದೆ, ನಿಮಗೂ ಆಸರೆಯಾಗುತ್ತದೆ. ಗಾಳಿಗೆ ಎದುರಾಗಿ ಚೆನ್ನಾಗಿ ಏರುತ್ತದೆ. ಹಾಗಾಗಿ ಹೊರಟ ಜಾಗಕ್ಕೇ ವಾಪಸ್ ಬರಬಹುದು. ಓಟ ಶುರುವಾಗುವ ಕಡೆ ಒಂದು, ಮುಗಿಯುವ ಕಡೆ ಒಂದು ಅಂತ ಇಬ್ಬರು ಸೇರಿ ಎರಡು ಕಾರು ತರುವ ಗೋಜಿಲ್ಲ. ಹೊಸಬರಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ಮೊದಲಿಗೆ ಹೊಳೆಯುವುದಿಲ್ಲ.

ಅಲೆ ಸಿಕ್ಕಾಗ ಮುಂದಿನ ಹಿಡಿಯೊಂದನ್ನೇ ಹಿಡಿದು ವಿಂಗನ್ನು ಹಿಂದೆ ತೇಲಿಬಿಡಬಹುದು. ಆಗ ನೀವು ಬರೀ ಅಲೆಯ ಮೇಲೆ ಹೋಗುತ್ತಿದ್ದೀರಿ. ನಾನು ಮೇಲೆ ಕೇಳಿದ ಅರ್ಧ ನಿಮಿಷದ ಪರೀಕ್ಷೆ ಇದೇ. ಇಲ್ಲೇ ಅದರ ಕೊರತೆಯೂ ಕಾಣುತ್ತದೆ. ಹಿಂದೆ ತೇಲುತ್ತಿರುವ ವಿಂಗ್ ಗಾಳಿಗೆ ಕುಣಿಯುತ್ತದೆ, ತೋಳನ್ನು ಜಗ್ಗುತ್ತದೆ. ಬಲಕ್ಕೆ ತಿರುಗಬೇಕಾದಾಗ ಅದು ಎಡಗಡೆ ಇರುತ್ತದೆ. ದಾಟಲು ಪಂಪ್ ಮಾಡುವಾಗ ಒಂದು ಕೈ ಯಾವಾಗಲೂ ಕಟ್ಟಿಹಾಕಿದ ಹಾಗೆ. ಈ ಕಿರಿಕಿರಿ ನಿಮಗೆ ನಿಜವಾಗಿ ಶುರುವಾಯಿತು ಅಂದರೆ ನೀವು ಪ್ಯಾರಾವಿಂಗ್‌ಗೆ ತಯಾರಾಗಿದ್ದೀರಿ ಅಂತಲೇ ಅರ್ಥ.

ಕೈಟ್ ಮತ್ತು ಮೋಟಾರಿನ ಬಗ್ಗೆ ಎರಡೇ ಮಾತು. ಕೈಟ್, ಅಂದರೆ ನಮ್ಮನ್ನು ಎಳೆಯುವ ದೊಡ್ಡ ಪಟಕ್ಕೆ 20 ಮೀಟರ್‌ಗಿಂತ ಉದ್ದದ ದಾರ ಬೇಕು, ದಡದಲ್ಲಿ ದೊಡ್ಡ ಜಾಗ ಬೇಕು, ನಡುನೀರಿನಲ್ಲಿ ಮಡಚಿಡಲು ಆಗುವುದಿಲ್ಲ. ಮಾಸ್ಟ್‌ಗೆ ಕಟ್ಟುವ ಸಣ್ಣ ಎಲೆಕ್ಟ್ರಿಕ್ ಮೋಟಾರು ಗಾಳಿ ಇಲ್ಲದ ದಿನವೂ ಎತ್ತುತ್ತದೆ. ಮಂಡಿ ನೋವಿರುವವರಿಗೆ, ವಯಸ್ಸಾದವರಿಗೆ ಇದು ದೊಡ್ಡ ಉಪಕಾರ. ಆದರೆ ಬ್ಯಾಟರಿಯ ತೂಕ ಇದೆ, ಬೆಲೆಯೂ ಜಾಸ್ತಿ.

ಪ್ಯಾರಾವಿಂಗ್ ಅಂದರೆ ಸೂತ್ರ ಕಟ್ಟಿದ ಬಟ್ಟೆ

ಆಷಾಢದಲ್ಲಿ ಗಾಳಿಪಟ ಹಾರಿಸಿದವರಿಗೆ ಇದನ್ನು ವಿವರಿಸುವುದು ಸುಲಭ. ಪಟದ ಎದೆಗೆ ಸೂತ್ರ ಕಟ್ಟುತ್ತಿದ್ದೆವಲ್ಲ? ಸೂತ್ರ ಒಂದು ಬೆರಳು ಮೇಲಾದರೆ ಪಟ ಗಿರಕಿ ಹೊಡೆಯುತ್ತಿತ್ತು, ಕೆಳಗಾದರೆ ಮೇಲೇಳುತ್ತಲೇ ಇರಲಿಲ್ಲ. ಪ್ಯಾರಾವಿಂಗ್‌ನಲ್ಲಿ ಇರುವುದು ಆ ಸೂತ್ರದ ಕೆಲಸವೇ. ತೆಳುವಾದ ಒಂದೇ ಪದರದ ಬಟ್ಟೆ. ಅದರಿಂದ ಇಳಿದ ಹತ್ತಾರು ಸಣ್ಣ ದಾರಗಳು ಕೈಯಲ್ಲಿ ಹಿಡಿಯುವ ಒಂದು ಪುಟ್ಟ ಕೋಲಿಗೆ, ಅಂದರೆ ಬಾರ್‌ಗೆ ಬಂದು ಸೇರುತ್ತವೆ. ಗಾಳಿಕೊಳವೆ ಇಲ್ಲ, ಕಡ್ಡಿ ಇಲ್ಲ, ಪಂಪ್ ಬೇಡ. ಗಾಳಿ ಮತ್ತು ದಾರದ ಎಳೆತ ಎರಡೇ ಅದಕ್ಕೆ ಆಕಾರ ಕೊಡುತ್ತವೆ. ಬಾರ್‌ನ ಮುಂದಿನ ಕೈ ಬಟ್ಟೆಯ ಮುಂಚೂಣಿಯ ದಾರಗಳನ್ನು ಹಿಡಿದಿರುತ್ತದೆ. ಹಿಂದಿನ ಕೈ ಎಳೆದರೆ ಬಲ ಬರುತ್ತದೆ, ಬಿಟ್ಟರೆ ಕಡಿಮೆಯಾಗುತ್ತದೆ. ತೂಕ ಒಂದು ಕೆಜಿಯ ಆಸುಪಾಸು, ಸಣ್ಣ ಸೈಜ್ ಆದರೆ ಅದಕ್ಕಿಂತ ಕಡಿಮೆ.

2024ರಲ್ಲಿ ಬೋರ್ಡ್‌ರೈಡಿಂಗ್ ಮಾವಿ ಅನ್ನುವ ಕಂಪನಿಯ ಗ್ರೆಗ್ ಡ್ರೆಕ್ಸ್ಲರ್ ಇದನ್ನು ಮಲಿಕೋ ಅನ್ನುವ ಹೆಸರಿನಲ್ಲಿ ತಂದರು. ಮಲಿಕೋ ಅನ್ನುವುದು ಮಾವಿಯ ಉತ್ತರ ದಡದ ಒಂದು ಕಣಿವೆಯ ಬಾಯಿ. ಅಲ್ಲಿಂದ ಕಾಹುಲುಯಿ ಬಂದರಿನವರೆಗೆ ಸುಮಾರು 15 ಕಿ.ಮೀ. ಓಟ. ಡೌನ್‌ವಿಂಡ್ ಜನರಿಗೆ ಅದು ತವರುಮನೆ ಇದ್ದಹಾಗೆ. ಆಮೇಲೆ ಬೇರೆ ಕಂಪನಿಗಳವೂ, ಓಝೋನ್‌ನ ಪಾಕೆಟ್ ರಾಕೆಟ್, ಫ್ಲೋದ ಡಿ-ವಿಂಗ್, ಎಫ್-ವನ್‌ನ ಫ್ರಿಗೇಟ್, ಡ್ಯುಯೊಟೋನ್‌ನ ಸ್ಟ್ಯಾಶ್, ಎನ್ಸಿಸ್‌ನ ರೋಜರ್ ಹೀಗೆ ಒಂದರ ಹಿಂದೆ ಒಂದು ಬಂದವು.

ಇದರ ದೊಡ್ಡ ಗುಣ ಮಡಚುವುದರಲ್ಲಿದೆ. ಅಲೆ ಸಿಕ್ಕಿತು ಅಂದ ಕೂಡಲೇ ಬಾರ್ ಬಿಟ್ಟು ಮುಂದಿನ ದಾರಗಳನ್ನು ಹಿಡಿದು, ಬಾವಿಯಿಂದ ಹಗ್ಗ ಸೇದುವ ಹಾಗೆ ಕೈಮೇಲೆ ಕೈ ಹಾಕಿ ಎಳೆದುಕೊಳ್ಳಬೇಕು. ಬಟ್ಟೆ ಕುಸಿದು ಕೈಗೆ ಬರುತ್ತದೆ. ಉಂಡೆ ಮಾಡಿ ಸೊಂಟದ ಚೀಲಕ್ಕೆ ತುರುಕಬೇಕು. ಆಮೇಲೆ ನಿಮ್ಮ ಎರಡೂ ಕೈ ನಿಮ್ಮವೇ. ಮೊದಲ ಸಲ ಹಾಗೆ ಕೈ ಖಾಲಿಯಾದಾಗ ನದಿ ಇದ್ದಕ್ಕಿದ್ದಂತೆ ಅಗಲವಾದ ಹಾಗೆ ಅನಿಸಿತು. ಯಾವ ಕಡೆಗೆ ಬೇಕಾದರೂ ತಿರುಗಬಹುದಿತ್ತು.

ಈಗ ಕೊರತೆಗಳನ್ನೂ ಹೇಳಬೇಕು. ಗಾಳಿ ಕಡಿಮೆಯಾದರೆ ಪ್ಯಾರಾವಿಂಗ್ ಆಕಾಶದಿಂದ ಸೋತು ಬೀಳುತ್ತದೆ. ನೀರಿಗೆ ಬಿದ್ದ ಬಟ್ಟೆ ನೀರು ಕುಡಿಯುತ್ತದೆ, ಮತ್ತೆ ಎಬ್ಬಿಸಲು ತಾಳ್ಮೆ ಬೇಕು. ಮುಂದಿನ ದಾರಗಳನ್ನು ನಿಧಾನವಾಗಿ ಎತ್ತಿ ನೀರು ಸೋರಲು ಬಿಡಬೇಕು, ಅವಸರ ಮಾಡಿದರೆ ಗಂಟು ಬೀಳುತ್ತದೆ. ಅದು ನಿಮ್ಮನ್ನು ತೇಲಿಸುವುದೂ ಇಲ್ಲ. ಗಾಳಿಗೆ ಎದುರಾಗಿ ಏರುವುದರಲ್ಲಿ ವಿಂಗ್‌ಗಿಂತ ಹಿಂದೆ.

ನನ್ನ ಮೊದಲ ಬೇಸಿಗೆಯಲ್ಲಿ ಒಂದು ಸಲ ಬಿದ್ದಾಗ ಬಟ್ಟೆ ಗಾಳಿ ಬೀಸುವ ಕಡೆಗೆ, ನನ್ನಿಂದಾಚೆ ನೀರಿನಲ್ಲಿತ್ತು. ನಾನು ಉಸಿರು ತಗೊಳ್ಳುವಷ್ಟರಲ್ಲಿ ಬೋರ್ಡ್ ಗಾಳಿಗೆ ತೇಲಿ ಸೀದಾ ದಾರಗಳ ಮೇಲೆ ಹೋಯಿತು. ದಾರ ಫಾಯಿಲ್‌ಗೆ ಸುತ್ತಿಕೊಂಡಿತು. ಬಿಡಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ನದಿಯ ಮೇಲುಗಡೆಯಿಂದ ಧಾನ್ಯ ತುಂಬಿದ ಬಾರ್ಜ್ (ದೊಡ್ಡ ಸರಕುದೋಣಿ) ಒಂದು ಬರುತ್ತಿರುವುದು ಕಂಡಿತು. ಆವತ್ತು ನಿಜಕ್ಕೂ ಹೆದರಿದ್ದೆ. ಅಂದಿನಿಂದ ಬಿದ್ದ ಕೂಡಲೇ ಮೊದಲು ಬಾರ್ ಎತ್ತಿ ಹಿಡಿಯುತ್ತೇನೆ. ಬೋರ್ಡ್ ಮತ್ತು ಬಟ್ಟೆಯ ನಡುವೆ ನನ್ನ ಮೈ ಇರುವಂತೆ ನೋಡಿಕೊಳ್ಳುತ್ತೇನೆ. ದಾರ ಕತ್ತರಿಸುವ ಸಣ್ಣ ಕೊಕ್ಕೆಚಾಕು ಎದೆಯ ಮೇಲೆ ಸದಾ ಇರುತ್ತದೆ.

ಯಾವ ಪ್ಯಾರಾವಿಂಗ್, ಯಾವ ಬೋರ್ಡ್

ಮಾದರಿಗಳ ಹೆಸರು ಎಷ್ಟೇ ಇದ್ದರೂ ನಾನು ಎರಡು ಬಗೆಯಾಗಿ ನೋಡುತ್ತೇನೆ. ಒಂದು ಬಗೆ ಮಡಚಲು ಸುಲಭ, ದಾರ ಕಡಿಮೆ, ತೆರೆದ ಕೂಡಲೇ ಗಾಳಿ ಹಿಡಿಯುತ್ತದೆ, ಎದುರು ಗಾಳಿಗೆ ಅಷ್ಟಕ್ಕಷ್ಟೇ. ಇನ್ನೊಂದು ಬಗೆ ಎದುರು ಏರಲು ಚೆನ್ನಾಗಿದೆ. ಅದು ಸಾಮಾನ್ಯವಾಗಿ ಉದ್ದ ಜಾಸ್ತಿ, ಅಗಲ ಕಡಿಮೆ, ಕೈ ಸ್ವಲ್ಪ ಸೂಕ್ಷ್ಮವಾಗಿರಬೇಕು. ಮಲಿಕೋ ತಂದವರೇ ಆಮೇಲೆ ಕಾನಾಹ ಅನ್ನುವ ಹೆಸರಿನಲ್ಲಿ ಈ ಎರಡನೆಯ ಬಗೆಯದನ್ನೂ ತಂದರು. ಕಾರು ಬಿಟ್ಟುಬರುವ ಜೊತೆಗಾರರಿದ್ದು, ನೀವು ಒಂದೇ ದಿಕ್ಕಿಗೆ ಹೋಗುವವರಾದರೆ ಮೊದಲನೆಯದು. ಒಬ್ಬರೇ ಹೋಗಿ ಅದೇ ದಡಕ್ಕೆ ಬರಬೇಕಾದರೆ ಎರಡನೆಯದು. ಹೊಸಬರಿಗೆ ನನ್ನ ಓಟು ಮೊದಲನೆಯದಕ್ಕೇ. ತೆರೆಯುವುದು, ಮಡಚುವುದು ಸಲೀಸಾಗದೆ ಬೇರೆ ಯಾವ ಗುಣವೂ ಉಪಯೋಗಕ್ಕೆ ಬರುವುದಿಲ್ಲ.

ಸೈಜ್ ವಿಷಯಕ್ಕೆ ಬರೋಣ. 75ರಿಂದ 80 ಕೆಜಿ ತೂಕದವರಿಗೆ 15ರಿಂದ 20 ನಾಟ್ (ಗಂಟೆಗೆ ಸುಮಾರು 28ರಿಂದ 37 ಕಿ.ಮೀ.) ಗಾಳಿಯಲ್ಲಿ 4ರಿಂದ 5 ಚದರ ಮೀಟರ್, 20ರಿಂದ 25ರಲ್ಲಿ 3ರಿಂದ 4 ಸರಿಹೋಗುತ್ತದೆ. ಅದೇ ಗಾಳಿಗೆ ನೀವು ಹಿಡಿಯುವ ವಿಂಗ್‌ನ ಸೈಜೇ ಒಳ್ಳೆಯ ಅಂದಾಜು. ಅದಕ್ಕಿಂತ ಚಿಕ್ಕದು ಕೊಳ್ಳಬೇಡಿ. ಪಂಡಿತರು ಚಿಕ್ಕದು ಹಿಡಿದಿರುವುದನ್ನು ನೋಡಿ ಮೋಸ ಹೋಗುವುದು ಸುಲಭ. ಅವರು ಅಲೆ ಮತ್ತು ಪಂಪ್‌ನ ಬಲದಲ್ಲಿ ಏಳುತ್ತಾರೆ, ನಮಗೆ ಬಟ್ಟೆಯೇ ಎತ್ತಬೇಕು. 15 ನಾಟ್‌ಗಿಂತ ಕಡಿಮೆ ಗಾಳಿಯಲ್ಲಿ ಕಲಿಯಲು ಹೋಗಬೇಡಿ. ಅರ್ಧ ದಿನ ಬಟ್ಟೆ ಹಿಂಡುವುದರಲ್ಲೇ ಕಳೆಯುತ್ತದೆ. ಮೊದಲ ವರ್ಷಕ್ಕೆ ಒಂದೇ ಸಾಕು. ನಿಮ್ಮ ಜಾಗದಲ್ಲಿ ಯಾವ ಗಾಳಿ ಜಾಸ್ತಿ ದಿನ ಬೀಸುತ್ತದೋ ಅದಕ್ಕೆ ಸರಿಯಾದದ್ದು.

ಬೋರ್ಡ್‌ನಲ್ಲಿ ಉಳಿತಾಯ ಮಾಡಲು ಹೋಗಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಬೋರ್ಡಿನ ಗಾತ್ರವನ್ನು ಲೀಟರ್‌ನಲ್ಲಿ ಹೇಳುತ್ತಾರೆ. ಒಂದು ಲೀಟರ್ ಹೆಚ್ಚುಕಡಿಮೆ ಒಂದು ಕೆಜಿಯನ್ನು ತೇಲಿಸುತ್ತದೆ. ಬೋರ್ಡ್, ಫಾಯಿಲ್, ಒದ್ದೆ ಬಟ್ಟೆ, ಲೈಫ್ ಜಾಕೆಟ್ ಎಲ್ಲ ಸೇರಿ ಎಷ್ಟೋ ಕೆಜಿ ಆಗುತ್ತದೆ. ಹಾಗಾಗಿ ನಿಮ್ಮ ತೂಕಕ್ಕೆ 15ರಿಂದ 20 ಲೀಟರ್ ಸೇರಿಸಿ. ಸುಮಾರು 6 ಅಡಿ ಉದ್ದದ, ಕಿರಿದಾದ, ಮಿಡ್‌ಲೆಂತ್ ಅನ್ನುವ ಬೋರ್ಡ್ ಬೇಗ ವೇಗ ಹಿಡಿಯುತ್ತದೆ. ಗಾಳಿ ಸತ್ತ ದಿನ ಹೊಟ್ಟೆಯ ಮೇಲೆ ಮಲಗಿ ಕೈಯಲ್ಲಿ ಈಜಿಕೊಂಡು ದಡ ಸೇರಿಸುವುದೂ ಅದೇ. ಫಾಯಿಲ್‌ನ ಮುಂದಿನ ರೆಕ್ಕೆ 1000 ಚದರ ಸೆಂಟಿಮೀಟರ್ ಆಸುಪಾಸು ಇದ್ದರೆ ನಿಧಾನದಲ್ಲೂ ಎತ್ತುತ್ತದೆ.

ಹಳೆಯದು ಕೊಳ್ಳುವುದಾದರೆ ಬಟ್ಟೆಯನ್ನು ಬಿಸಿಲಿಗೆ ಹಿಡಿದು ಸೂಜಿತೂತು ಹುಡುಕಿ. ದಾರ ಬಟ್ಟೆಗೆ ಸೇರುವ ಹೊಲಿಗೆಗಳನ್ನು ಒಂದೊಂದಾಗಿ ನೋಡಿ. ಬಾರ್ ಅನ್ನು ಮೊಳೆಗೆ ಸಿಕ್ಕಿಸಿ ಎಡ ಬಲದ ದಾರಗಳನ್ನು ಜೋಡಿ ಜೋಡಿಯಾಗಿ ಎಳೆದು ಉದ್ದ ಸಮ ಇದೆಯಾ ಅಂತ ಅಳೆಯಿರಿ. ಒಂದು ದಾರ ಕುಗ್ಗಿದ್ದರೂ ಸೂತ್ರ ತಪ್ಪಿದ ಪಟದ ಹಾಗೆ ಒಂದೇ ಕಡೆ ಎಳೆಯುತ್ತದೆ.

ನೀರಿಗೆ ಇಳಿಯುವ ಮೊದಲು, ಇಳಿದ ಮೇಲೆ

ಮೊದಲ ಹತ್ತು ಗಂಟೆ ಹುಲ್ಲಿನ ಮೇಲೆ ಕಳೆಯಿರಿ. ತೆರೆಯಿರಿ, ಮಡಚಿ, ಮತ್ತೆ ತೆರೆಯಿರಿ. ಆಮೇಲೆ ನೋಡದೆ ಮಡಚಿ. ಆಮೇಲೆ ನಡೆಯುತ್ತಾ ಮಡಚಿ. ಕಣ್ಣು ಅಲೆಯ ಮೇಲಿರುವಾಗ ಕೈ ತಾನಾಗಿಯೇ ಕೆಲಸ ಮಾಡಬೇಕು. ಇದನ್ನು ಬೇಸರ ಅಂತ ಬಿಟ್ಟವರೆಲ್ಲ ನದಿಯ ನಡುವೆ ಗಂಟು ಬಿಡಿಸುತ್ತಾ ಕುಳಿತಿದ್ದನ್ನು ನೋಡಿದ್ದೇನೆ.

ಹುಡ್ ರಿವರ್‌ನಲ್ಲಿ ಎಲ್ಲರೂ ಕನಸು ಕಾಣುವುದು ವಿಯೆಂಟೋ ಓಟದ್ದು. ಊರಿನಿಂದ ಪಶ್ಚಿಮಕ್ಕೆ ಸುಮಾರು 13 ಕಿ.ಮೀ. ದೂರದ ಉದ್ಯಾನದಲ್ಲಿ ನೀರಿಗೆ ಇಳಿದು ಗಾಳಿಯ ಜೊತೆ ಊರಿಗೆ ಬರುವುದು. ವಿಯೆಂಟೋ ಅಂದರೆ ಸ್ಪ್ಯಾನಿಷ್‌ನಲ್ಲಿ ಗಾಳಿ. ಆದರೆ ಹೆಸರು ಬಂದಿದ್ದು ಮೂವರು ರೈಲ್ವೆಯವರ ಹೆಸರಿನ ಮೊದಲ ಅಕ್ಷರಗಳಿಂದ ಅನ್ನುತ್ತಾರೆ, ಎಂಥ ಸೋಜಿಗ ಅಲ್ವಾ? ಬೇಸಿಗೆಯಲ್ಲಿ ಪೂರ್ವದ ಒಣನಾಡು ಕಾದು ಅಲ್ಲಿ ಗಾಳಿ ಮೇಲೇಳುತ್ತದೆ. ಕಡಲ ಕಡೆಯ ತಂಪು ಗಾಳಿ ಕ್ಯಾಸ್ಕೇಡ್ ಬೆಟ್ಟಗಳ ನಡುವಿನ ಈ ಸಂದಿಯಲ್ಲಿ ನುಗ್ಗಿ ಬರುತ್ತದೆ. ನದಿ ಹರಿಯುವುದು ಪಶ್ಚಿಮಕ್ಕೆ, ಗಾಳಿ ಬೀಸುವುದು ಪೂರ್ವಕ್ಕೆ. ಎರಡೂ ಎದುರುಬದುರಾಗಿ ನೀರು ಕಡಿದಾಗಿ ನಿಲ್ಲುತ್ತದೆ. ಅಂಥ ಕಡಿದಾದ ಅಲೆಯೇ ಫಾಯಿಲ್‌ಗೆ ಹಬ್ಬ.

ಮೊದಲ ಸಲಕ್ಕೆ ಈ ಓಟ ಬೇಡ. ಪ್ಯಾರಾವಿಂಗ್ ಬರುತ್ತದೆ ಅನ್ನುವ ಧೈರ್ಯ ಬಂದ ಮೇಲೂ, ವಿಂಗ್‌ನಲ್ಲಿ ಆ ದಾರಿಯನ್ನು ನಾಲ್ಕೈದು ಸಲ ಬಂದಿರಬೇಕು. ಎಲ್ಲಿ ಗಾಳಿ ಸಾಯುತ್ತದೆ, ಎಲ್ಲಿ ಬಂಡೆ ಇದೆ, ಬಾರ್ಜ್ ಯಾವ ಕಡೆಯಿಂದ ತಿರುಗುತ್ತದೆ ಅನ್ನುವುದು ಗೊತ್ತಿರಬೇಕು. ಬಾರ್ಜ್ ನಿಮಗೋಸ್ಕರ ನಿಲ್ಲಲಾರದು, ನೀವೇ ದೂರ ಸರಿಯಬೇಕು. ಹೆಲ್ಮೆಟ್, ತೇಲಿಸುವ ಜಾಕೆಟ್, ಬೋರ್ಡನ್ನು ಸೊಂಟಕ್ಕೆ ಕಟ್ಟುವ ಲೀಶ್ ಹಗ್ಗ, ನೀರು ಹೋಗದ ಚೀಲದಲ್ಲಿ ಫೋನ್, ಜೊತೆಗೆ ಒಬ್ಬ ಗೆಳೆಯ. ಇವುಗಳಲ್ಲಿ ಒಂದು ಇಲ್ಲದಿದ್ದರೂ ನಾನು ಇಳಿಯುವುದಿಲ್ಲ.

ಊರಿನಿಂದ ತಮ್ಮಂದಿರು ಕೇಳುತ್ತಾರೆ, "ಅಣ್ಣಾ, ನಮ್ಮ ಕರಾವಳಿಯಲ್ಲಿ ಇದು ಆಗುತ್ತಾ?" ಮೂಲ್ಕಿ, ಸಸಿಹಿತ್ಲು ಸರ್ಫಿಂಗ್‌ಗೆ ಹೆಸರಾದ ಜಾಗಗಳು. ಆದರೆ ಬೇಸಿಗೆಯ ಮಧ್ಯಾಹ್ನದ ಕಡಲ ಗಾಳಿ ಪ್ಯಾರಾವಿಂಗ್ ಕಲಿಯಲು ಹೆಚ್ಚಿನ ದಿನ ಮೆತ್ತಗೇ ಇರುತ್ತದೆ. ಮಳೆಗಾಲದಲ್ಲಿ ಗಾಳಿ ಇದೆ, ಆದರೆ ಕಡಲು ದಡಕ್ಕೆ ಅಪ್ಪಳಿಸುತ್ತಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೂ ಮೀನಿಗೆ ಹೋಗುವುದಿಲ್ಲ. ಆಪತ್ತಿನಲ್ಲಿ ಕೈಹಿಡಿಯುವ ದೋಣಿ ಇಲ್ಲದ ಆ ಕಡಲಿಗೆ ಒಂದು ಬಟ್ಟೆ ನಂಬಿ ಇಳಿಯಬೇಡಿ. ರಾಮೇಶ್ವರ, ಮಂಡಪಂ ಕಡೆ ಹೋಗಿ. ಕೈಟ್ ಕಲಿಸುವವರು ಅಲ್ಲಿದ್ದಾರೆ, ನೈಋತ್ಯದ ಗಾಳಿ ತಿಂಗಳುಗಟ್ಟಲೆ ನಿಂತು ಬೀಸುತ್ತದೆ, ಆಳವಿಲ್ಲದ ನೀರೂ ಇದೆ. ಮೊದಲ ದಿನ ಬೋರ್ಡ್ ದಡದಲ್ಲೇ ಇರಲಿ. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಟ್ಟೆಯನ್ನು ಬೇಕೆಂದೇ ಒದ್ದೆ ಮಾಡಿ, ಮತ್ತೆ ಎಬ್ಬಿಸಿ. ಇಪ್ಪತ್ತು ಸಲ ಎಬ್ಬಿಸಲು ಆದರೆ ಮರುದಿನ ಬೋರ್ಡ್ ತಗೊಳ್ಳಿ.